ಅರವತ್ತೇಳು ಲಕ್ಷ ಅರವತ್ತೈದು ಸಾವಿರದ ನೂರಾ ಮೂವತ್ತೇಳು

ನಮ್ಮ ಕಾಕಾಗೆ ಹುಚ್ಚು ಹಿಡಿದಿದೆ ಎಂದು ಬೈಲಹೊಂಗಲದಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಹುಚ್ಚು ಹಿಡಿದಿರುವುದು ನನಗೆ. ಅವರಿಗೆ ಹಿಡಿದಿರುವುದು ಒಂದು ಸಂಖ್ಯೆ. ಸಂಖ್ಯೆಗಳಲ್ಲ, ಒಂದೇ ಒಂದು ಸಂಖ್ಯೆ! ಕೆಲವರಿಗೆ ಶನಿ ಹಿಡಿಯುತ್ತದೆ, ಏಳೂವರೆ ವರ್ಷಕ್ಕೆ ಬಿಟ್ಟು ಹೋಗುತ್ತದೆ. ಇದಕ್ಕೆ ಅಂಥ ಯಾವ ಕರಾರೂ ಇರಲಿಲ್ಲ.

ಕಾಕಾ ಅಂದರೆ ನಮ್ಮ ತಂದೆಯ ತಮ್ಮ. ಮನೋಳಿಯ ಸಾಲಿಯಲ್ಲಿ ಗಣಿತದ ಮಾಸ್ತರರಾಗಿದ್ದು, ನಿವೃತ್ತರಾದ ಮೇಲೆ ಬೈಲಹೊಂಗಲಕ್ಕೆ ಬಂದು, ನನ್ನ ದುರ್ದೈವಕ್ಕೆ ನಮ್ಮ ಹಿಂದಿನ ಓಣಿಯಲ್ಲೇ ಮನೆ ಮಾಡಿದರು. ನನ್ನದು ತಹಶೀಲ್ದಾರ ಕಚೇರಿಯ ಎದುರಿಗೆ ಒಂದು ಝೆರಾಕ್ಸ್ ಅಂಗಡಿ. ವಯಸ್ಸು ಐವತ್ತೆರಡು, ಎರಡೂ ಮೊಣಕಾಲು ನೋಯುತ್ತವೆ, ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಬಂದ ಅಂಕ ಮೂವತ್ತೈದು. ಇಷ್ಟು ಹೇಳಿದರೆ ನನ್ನ ಪರಿಚಯ ಮುಗಿಯಿತು.

ಕಾಕಾ ಅವರ ಸ್ವಭಾವ ಮೊದಲಿನಿಂದಲೂ ಹಾಗೆಯೇ. ಲೋಕದಲ್ಲಿ ಯಾರು ಏನೇ ಸುಳ್ಳು ಹೇಳಿದರೂ ಅವರು ಕ್ಷಮಿಸುತ್ತಾರೆ, ಲೆಕ್ಕ ತಪ್ಪಿ ಹೇಳಿದರೆ ಮಾತ್ರ ಕ್ಷಮಿಸುವುದಿಲ್ಲ. ಸಂಪಗಾಂವದ ಒಂದು ಮದುವೆಯಲ್ಲಿ ಹೆಣ್ಣಿನ ತಂದೆ ಪಾಪ, ಸಂತೋಷದಿಂದ ಸಾವಿರ ಮಂದಿ ಉಂಡರು ಎಂದಿದ್ದಕ್ಕೆ, ಇವರು ಹಿತ್ತಿಲಿಗೆ ಹೋಗಿ ಉಂಡ ಎಲೆಗಳನ್ನು ಎಣಿಸಿ ಬಂದು, ಆರುನೂರಾ ಹನ್ನೆರಡು ಎಂದು ಮಂಟಪದಲ್ಲೇ ತಿದ್ದಿದರು. ಆ ಮನೆಯವರು ಆಮೇಲೆ ಮೂರು ಮದುವೆ ಮಾಡಿದರು. ನಮಗೆ ಒಂದು ಅಕ್ಷತೆಯ ಕಾಳೂ ಬರಲಿಲ್ಲ. ಹಸಿ ಟಾವೆಲ್ಲನ್ನು ಹಾಸಿಗೆಯ ಮೇಲೆ ಹಾಕಬೇಡಿ ಅಂತ ಸಾವಿರ ಸಲ ಹೇಳಿದ್ದೇನೆ ಎಂದು ಅವರ ಹೆಂಡತಿ, ನಮ್ಮ ಕಾಕೂ, ಗೊಣಗಿದರೆ, ಇದು ಹದಿನಾಲ್ಕನೆಯ ಸಲ ಎಂದು ಉತ್ತರ ಬರುತ್ತಿತ್ತು. ಟಾವೆಲ್ಲು ಮಾತ್ರ ಅಲ್ಲೇ ಇರುತ್ತಿತ್ತು! ಇಂಥವರ ಜೊತೆ ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸು ರಾಮ ರಾಮ ಎನ್ನದೆ ಇನ್ನೇನು ಮಾಡಬೇಕು ಹೇಳಿ?

ಕಾಕೂ ಅದನ್ನೇ ಮಾಡಿದರು. ಅನ್ನುವುದಲ್ಲ, ಬರೆದರು. ರಾಮಕೋಟಿ ಗೊತ್ತಲ್ಲ, ಶ್ರೀರಾಮ ಎಂದು ಒಂದು ಕೋಟಿ ಸಲ ವಹಿಯಲ್ಲಿ ಬರೆಯುವ ವ್ರತ. ಮೂವತ್ತನಾಲ್ಕು ವರ್ಷದ ಹಿಂದೆ ಸಂಕಲ್ಪ ಮಾಡಿ ಕೂತರು. ಒಲೆಯ ಮೇಲೆ ಅನ್ನ ಕುದಿಯುವಾಗ ಒಂದು ಪುಟ, ಕುಕ್ಕರ್ ಬಂದ ಮೇಲೆ ಅದರ ಎರಡು ಸೀಟಿಗಳ ನಡುವೆ ಅರ್ಧ ಪುಟ. ದಿನಕ್ಕೆ ಐನೂರರ ಮೇಲೆ. ಪ್ರತಿ ಪುಟದ ಕೆಳಗೆ ಅಲ್ಲಿಯವರೆಗಿನ ಒಟ್ಟು ಲೆಕ್ಕ. ವಹಿ ತುಂಬಿದರೆ ಟ್ರಂಕಿಗೆ, ಟ್ರಂಕು ತುಂಬಿದರೆ ಇನ್ನೊಂದು ಟ್ರಂಕಿಗೆ. ಕಾಕಾ ಇದನ್ನೆಲ್ಲ ತಮಗೆ ಸಂಬಂಧಪಡದ ವಿಷಯ ಎಂಬಂತೆ ನೋಡುತ್ತಿದ್ದರು. ದೇವರಲ್ಲಿ ಅವರಿಗಿದ್ದ ನಂಬಿಕೆ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಮಗ್ಗಿಯಲ್ಲಿ ಇರುವಷ್ಟು ಇರಲಿಲ್ಲ, ಅಷ್ಟೇ.

ಹೋದ ವರ್ಷ ಕಾಕೂಗೆ ಲಕ್ವಾ ಹೊಡೆಯಿತು. ಮಾತು ಹದಿನೈದು ದಿನಕ್ಕೆ ಮರಳಿತು, ಕಾಲು ಎರಡು ತಿಂಗಳಿಗೆ ಮರಳಿತು, ಬಲಗೈ ಮರಳಲಿಲ್ಲ. ಪೆನ್ನು ಹಿಡಿಸಿದರೆ ಬೆರಳಿನಿಂದ ಜಾರಿ ಬೀಳುತ್ತಿತ್ತು. ಕೊನೆಯ ಪುಟದ ಕೆಳಗೆ ಬರೆದಿದ್ದ ಲೆಕ್ಕ ಅಲ್ಲಿಗೇ ನಿಂತಿತು: 67,65,137. ಉಳಿದದ್ದನ್ನು ಸೊಸೆಯಂದಿರು, ಮೊಮ್ಮಕ್ಕಳು ಬರೆದು ಮುಗಿಸಬಹುದಿತ್ತು. ಆದರೆ ಕಾಕೂ ಸಂಕಲ್ಪ ಮಾಡುವಾಗ ‘ನನ್ನ ಬಲಗೈಯಾರೆ’ ಎಂದು ನೀರು ಬಿಟ್ಟಿದ್ದರು. ನಮ್ಮ ಮನೆಯ ಪೂಜೆ ಪುನಸ್ಕಾರ ನೋಡುವ ಆಚಾರ್ಯರನ್ನು ಕೇಳಿದರೆ, ಅವರು ಕಾಫಿ ಆರಿಸುತ್ತಾ, ಕೋಟಿ ಆಗದೆ ವ್ರತ ಮುಗಿಸುವ ಉದ್ಯಾಪನೆ ಹೇಗೆ ಮಾಡುವುದು, ಸಂಕಲ್ಪ ಖಂಡವಾದಂತೆಯೇ ಲೆಕ್ಕ ಎಂದುಬಿಟ್ಟರು.

ಕೆಟ್ಟ ಮನುಷ್ಯರಲ್ಲ ಅವರು. ಶಾಸ್ತ್ರದಲ್ಲಿದ್ದದ್ದನ್ನು ಹೇಳಿದರು. ಆದರೆ ಅಂದಿನಿಂದ ಕಾಕೂ ಅರ್ಧ ಭಕ್ಕರಿಯಲ್ಲೇ ಊಟ ಮುಗಿಸತೊಡಗಿದರು. ಟ್ರಂಕಿನ ಕಡೆಗೆ ಬೆನ್ನು ಮಾಡಿ ಮಲಗುತ್ತಿದ್ದರು. ಯಾರು ಮಾತಾಡಿಸಿದರೂ ಒಂದೇ ಮಾತು: “ಅರ್ಧಕ್ಕ ಬಿಟ್ಟಾಕಿ ಅನಿಸಿಕೊಂಡ ಹೋಗಬೇಕಾತಲ್ಲಪಾ.”

ಕಾಕಾ ಒಂದು ತಿಂಗಳು ಇದನ್ನು ನೋಡಿದರು. ಆಮೇಲೆ ಒಂದು ದಿನ ಬೆಳಿಗ್ಗೆ ಆಚಾರ್ಯರನ್ನು ಕರೆಸಿ, ಎದುರಿಗೆ ಮಣೆ ಹಾಕಿ ಕೂಡಿಸಿ, ವಿದ್ಯಾರ್ಥಿಯನ್ನು ಕೇಳುವಂತೆ ಕೇಳಿದರು.

“ಖಂಡ ಅಂದ್ರ ಏನ್ರಿ ಆಚಾರ್ಯರ?”

“ತುಂಡು.”

“ಯಾವುದರಿಂದನೂ ತುಂಡ ಮಾಡ್ಲಿಕ್ಕೆ ಬರಲಾರದ್ದು?”

“ಅದು ಅಖಂಡ.”

ಸರಿ, ಹಾಗಾದರೆ ಕೋಟಿ ಎಂಬುದು ಎಂಥ ಸಂಖ್ಯೆ ಎಂದು ಕಾಕಾ ಪಾಠಕ್ಕೆ ನಿಂತರು. ಅದು ಎರಡರಿಂದ ಏಳು ಸಲ ಒಡೆಯುತ್ತದೆ, ಐದರಿಂದ ಏಳು ಸಲ ಒಡೆಯುತ್ತದೆ. ಸಿಪ್ಪೆ ಸುಲಿಯುತ್ತಾ ಹೋದರೆ ಕೊನೆಗೆ ಉಳ್ಳಾಗಡ್ಡಿಯ ಹಾಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕಿಂತ ತಮ್ಮ ಹೆಂಡತಿ ನಿಲ್ಲಿಸಿದ ಸಂಖ್ಯೆ ಎಷ್ಟೋ ಮೇಲು. ಅದು ಅವಿಭಾಜ್ಯ ಸಂಖ್ಯೆ, ಒಂದರಿಂದ ಮತ್ತು ತನ್ನಿಂದ ಬಿಟ್ಟರೆ ಬೇರೆ ಯಾವುದರಿಂದಲೂ ಒಡೆಯುವುದಿಲ್ಲ, ಆದ್ದರಿಂದ ಅದು ಅಖಂಡ ಎಂದು ತಾವು ಕಾಗದದ ಮೇಲೆ ಸಾಧಿಸಿ ತೋರಿಸಿದರೆ ಉದ್ಯಾಪನೆ ಮಾಡಿಸುತ್ತೀರೋ ಇಲ್ಲವೋ? ಆಚಾರ್ಯರು ತಲೆ ಕೆರೆದುಕೊಂಡರು. ಇಂಥ ಪ್ರಶ್ನೆ ಅವರಿಗೆ ಯಾವ ಯಜಮಾನನೂ ಕೇಳಿರಲಿಲ್ಲ. ಕೊನೆಗೆ, ಒಡೆಯದೇ ಇದ್ದರೆ ಮಾಡಿಸೋಣ ಎಂದರು. ಒಳಗಿನ ಕೋಣೆಯಲ್ಲಿ ಕಾಕೂ ಮಗ್ಗಲು ಬದಲಿಸಿದ ಸಪ್ಪಳ ಕೇಳಿಸಿತು.

ಇಲ್ಲಿಂದ ನನ್ನ ಸಾಡೇಸಾತಿ ಆರಂಭ.

ಮೊದಲು ವಿದ್ವಾಂಸರ ಅಭಿಪ್ರಾಯ ಪಡೆಯಬೇಕು ಎಂದರು ಕಾಕಾ. ಮನೋಳಿಯಲ್ಲಿ ಅವರ ಕೈಯಲ್ಲಿ ಕಲಿತ ಹುಡುಗನೊಬ್ಬ ಈಗ ರಾಮದುರ್ಗದಲ್ಲಿ ಗಣಿತದ ಲೆಕ್ಚರರ್. ಅಂಗಡಿ ಬಂದ್ ಮಾಡಿ ನಾನು ಜೊತೆಗೆ ಹೊರಡಬೇಕಾಯಿತು. ಸವದತ್ತಿಯಲ್ಲಿ ಬಸ್ಸು ಬದಲಿಸಿದೆವು. ಅಂದು ಹುಣ್ಣಿಮೆ, ದೇವಿಯ ಗುಡ್ಡಕ್ಕೆ ಹೊರಟ ಮಂದಿಯೆಲ್ಲ ನನ್ನ ಕಾಲ ಮೇಲೇ ನಿಂತಿದ್ದರು. ಪಕ್ಕದಲ್ಲಿ ನಿಂತ ಅಜ್ಜಿಗೆ ಕಾಕಾ ನಮ್ಮ ಪ್ರಯಾಣದ ಉದ್ದೇಶ ವಿವರಿಸಿದರು. ಅರವತ್ತೇಳು ಲಕ್ಷದ ಚಿಲ್ಲರೆ ನಾಮ ಎಂದು ನಾನು ಅಜ್ಜಿಗೆ ಸುಲಭ ಮಾಡಿ ಹೇಳಲು ಹೋಗಿ ಬೈಸಿಕೊಂಡೆ. ಅರವತ್ತೈದು ಸಾವಿರದ ನೂರಾ ಮೂವತ್ತೇಳು ಸಲ ರಾಮ ಎಂದು ಬರೆದದ್ದು ನಿನಗೆ ಚಿಲ್ಲರೆಯೇನು ಎಂದು ಕೇಳಿದರು. ಅಜ್ಜಿ ಕೂಡ ನನ್ನನ್ನೇ ಕೆಕ್ಕರಿಸಿ ನೋಡಿದಳು.

ಲೆಕ್ಚರರ್ ಬಹಳ ಮರ್ಯಾದೆಯವನು. ಗುರುಗಳ ಕಾಲಿಗೆ ಬಿದ್ದು, ಅವಲಕ್ಕಿ ಕೊಟ್ಟು, ಸಂಖ್ಯೆಯನ್ನು ಬರೆದುಕೊಂಡು ಉತ್ಸಾಹದಿಂದ ಶುರು ಮಾಡಿದ. ಸಂಖ್ಯೆಗಳಲ್ಲಿ ಸುಖಿ ಸಂಖ್ಯೆ ಎಂಬ ಒಂದು ಜಾತಿ ಇದೆಯಂತೆ. ಪ್ರತಿ ಅಂಕಿಯ ವರ್ಗ ತೆಗೆದು ಕೂಡಿಸಬೇಕು, ಬಂದ ಉತ್ತರಕ್ಕೆ ಮತ್ತೆ ಹಾಗೆಯೇ ಮಾಡಬೇಕು. ಕೊನೆಗೆ ಒಂದಕ್ಕೆ ಬಂದು ನಿಂತರೆ ಸುಖಿ. ನಮ್ಮದು ಇನ್ನೂರಾ ಐದಕ್ಕೆ ಬಂತು, ಇಪ್ಪತ್ತೊಂಬತ್ತಕ್ಕೆ ಬಂತು, ಎಂಬತ್ತೈದಕ್ಕೆ ಬಂತು, ಎಂಬತ್ತೊಂಬತ್ತಕ್ಕೆ ಬಂತು. ಅಲ್ಲಿಂದ ಮುಂದೆ ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದಂತೆ. ಅಂದರೆ ದುಃಖಿ ಸಂಖ್ಯೆ. ಕಾಕಾ ಅವಲಕ್ಕಿ ಅಗಿಯುವುದನ್ನು ನಿಧಾನ ಮಾಡಿದರು.

ಅಷ್ಟಕ್ಕೆ ಸುಮ್ಮನಿದ್ದನೆ ಅವನು? ‘ಹರ್ಷದ’ ಎಂಬ ಇನ್ನೊಂದು ಜಾತಿ ಇದೆ ಸರ್ ಎಂದ. ಅಂಕಿಗಳನ್ನು ಕೂಡಿಸಿದರೆ ಬರುವ ಮೊತ್ತದಿಂದ ಆ ಸಂಖ್ಯೆ ಭಾಗವಾದರೆ ಅದು ಹರ್ಷ ಕೊಡುವಂಥದ್ದು. ಕೂಡಿಸಿದರೆ ಮೂವತ್ತೈದು ಬಂತು. ನಿನ್ನ ಮಾರ್ಕ್ಸು ಎಂದು ಕಾಕಾ ನನ್ನ ಕಡೆ ನೋಡಿದರು. ಏಳರಲ್ಲಿ ಮುಗಿಯುವ ಸಂಖ್ಯೆ ಮೂವತ್ತೈದರಿಂದ ಭಾಗವಾಗುವುದೆಲ್ಲಿಂದ? ಹರ್ಷವೂ ಹೋಯಿತು. ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ಇಲ್ಲ, ಸಂಖ್ಯೆಯನ್ನು ಬರೀ ಸೊನ್ನೆ ಮತ್ತು ಒಂದುಗಳಲ್ಲಿ ಬರೆದು, ಒಂದುಗಳನ್ನು ಎಣಿಸಿ, ಹನ್ನೆರಡು ಇವೆ, ಹೀಗೆ ಸಮಸಂಖ್ಯೆಯಲ್ಲಿ ಬಂದರೆ ಅದನ್ನು ಇವಿಲ್ ನಂಬರ್ ಅನ್ನುತ್ತಾರೆ ಎಂದ. ಇವಿಲ್ ಅಂದರೇನು ಎಂದು ಕಾಕಾ ಕೇಳಿದರು. ಗುರುಗಳೆದುರು ಸುಳ್ಳು ಹೇಳಲಾರದೆ ಆ ಬಡಪಾಯಿ ‘ದುಷ್ಟ’ ಎಂದುಬಿಟ್ಟ!

ಕಾಕಾ ಪ್ಲೇಟನ್ನು ಕೆಳಗಿಟ್ಟರು. “ರಾಮನಾಮದ ಲೆಕ್ಕ ದುಷ್ಟ ಆದ್ರ ರಾವಣಂದು ಯಾವುದೋ?” ಎಂದವರೇ ಚಪ್ಪಲಿ ಮೆಟ್ಟಿದರು. ಅದು ಸುಮ್ಮನೆ ಚೇಷ್ಟೆಗೆ ಇಟ್ಟ ಹೆಸರು ಸರ್, ಅವಿಭಾಜ್ಯ ಹೌದೋ ಅಲ್ಲವೋ ಎಂಬುದನ್ನು ಕಂಪ್ಯೂಟರಿನಲ್ಲಿ ಒಂದು ನಿಮಿಷದಲ್ಲಿ ನೋಡಿ ಹೇಳುತ್ತೇನೆ ಎಂದು ಅವನು ಬಸ್ ಸ್ಟ್ಯಾಂಡಿನವರೆಗೂ ಹಿಂದೆ ಬಂದ. ಯಂತ್ರ ಹೇಳಿದ್ದು ಸಾಕ್ಷಿಯಾಗುವುದಿಲ್ಲ, ಕೈಯಿಂದ ಬರೆದದ್ದನ್ನು ಕೈಯಿಂದಲೇ ಪರೀಕ್ಷಿಸಬೇಕು ಎಂದು ಕಾಕಾ ಒಪ್ಪಲಿಲ್ಲ.

ತಿರುಗಿ ಬರುವಾಗ ಸುರೇಬಾನ ದಾಟುವಷ್ಟರಲ್ಲಿ ಕಾಕಾ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದರು. ಆಗ ನಾನು ಆ ತಪ್ಪು ಮಾಡಿದೆ. ಸುಮ್ಮನೆ ಕೂಡಲಾರದೆ ಮೊಬೈಲಿನಲ್ಲಿ ಆ ಸಂಖ್ಯೆಯನ್ನು ಒತ್ತಿ ಕೇಳಿದೆ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು. ಅವಿಭಾಜ್ಯ ಅಲ್ಲ. 2593ನ್ನು 2609ರಿಂದ ಗುಣಿಸಿದರೆ ಸರಿಯಾಗಿ ಅಷ್ಟೇ.

ನಾನು ಮೊಬೈಲನ್ನು ಕಿಸೆಯಲ್ಲಿಟ್ಟೆ. ಸವದತ್ತಿ ಬರುವವರೆಗೆ ಆ ಹೆಗಲನ್ನು ಅಲುಗಿಸಲಿಲ್ಲ.

ಹೇಳಬೇಕಿತ್ತು ಎನ್ನುತ್ತೀರಾ? ಮೂರು ಸಲ ಹೇಳಲು ಹೋದೆ. ಮೊದಲನೆಯ ಸಲ ಅವರು ಹೊಸ ಇನ್ನೂರು ಪುಟದ ವಹಿಗೆ ರಟ್ಟು ಹಾಕುತ್ತಿದ್ದರು. ಎರಡನೆಯ ಸಲ ಕಾಕೂ ದಿಂಬಿಗೆ ಒರಗಿ ಎದ್ದು ಕೂತು, ಆ ವಹಿಗೆ ಎಡಗೈಯಿಂದ ಕುಂಕುಮ ಹಚ್ಚುತ್ತಿದ್ದರು. ಮೂರನೆಯ ಸಲಕ್ಕೆ ನನಗೇ ಧೈರ್ಯ ಇರಲಿಲ್ಲ.

ಕಾಕಾ ಅವರ ಪದ್ಧತಿ ಹೀಗೆ. ಒಂದು ಸಂಖ್ಯೆ ಒಡೆಯುತ್ತದೋ ಇಲ್ಲವೋ ನೋಡಲು ಅದರ ವರ್ಗಮೂಲದವರೆಗಿನ ಅವಿಭಾಜ್ಯ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸಿದರೆ ಸಾಕು. ಅಂಥವು ಮುನ್ನೂರಾ ಎಪ್ಪತ್ತೆಂಟು. ದಿನಕ್ಕೆ ಆರು ಭಾಗಾಕಾರ, ಅರವತ್ತಮೂರು ದಿನ. ಎಲ್ಲದರಲ್ಲೂ ಏನಾದರೂ ಶೇಷ ಉಳಿದರೆ ಗೆದ್ದಂತೆ, ಒಂದರಲ್ಲಿ ಶೇಷ ಸೊನ್ನೆ ಬಂದರೂ ಸೋತಂತೆ. ಆ ಸಾಲಿನಲ್ಲಿ ಕಟ್ಟಕಡೆಯದು ಯಾವುದು ಗೊತ್ತೆ? 2593! ಒಡೆಯುವುದೇ ಇದ್ದರೆ ಮೂರಕ್ಕೋ ಏಳಕ್ಕೋ ಒಡೆದು ಮೊದಲ ದಿನವೇ ಮನೆಗೆ ಕಳಿಸಬಾರದಿತ್ತೆ? ಮುನ್ನೂರಾ ಎಪ್ಪತ್ತೇಳು ಪೆಟ್ಟು ತಿಂದು, ಮುನ್ನೂರಾ ಎಪ್ಪತ್ತೆಂಟನೆಯದಕ್ಕೆ ಬೀಳುವ ಇಂಥ ಹಟಮಾರಿ ಸಂಖ್ಯೆ ಕಾಕೂ ಕೈಯಿಂದ ಅಲ್ಲದೆ ಮತ್ತೆಲ್ಲಿಂದ ಬಂದೀತು?

ದಿನಾ ಹನ್ನೊಂದಕ್ಕೆ ಕಾಕಾ ಅಂಗಡಿಗೆ ಬರುತ್ತಿದ್ದರು. ಆರು ಭಾಗಾಕಾರಗಳನ್ನು ನಾನು ಅಂಕಿ ಅಂಕಿ ತಪಾಸು ಮಾಡಿ, ಕೆಳಗೆ ‘ತಾಳೆ ನೋಡಿದೆ’ ಎಂದು ಬರೆದು ಸಹಿ ಹಾಕಬೇಕು. ಮೂವತ್ತೈದು ಅಂಕದವನ ಸಹಿಗೆ ಇಷ್ಟು ಬೆಲೆ ಬಂದದ್ದು ಅದೇ ಮೊದಲು. ಮೊದಲ ದಿನ ನೋಡುತ್ತೇನೆ, ಎರಡರಿಂದಲೂ ಭಾಗಿಸಿದ್ದಾರೆ! ಬೆಸಸಂಖ್ಯೆ ಎರಡರಿಂದ ಒಡೆಯುವುದಿಲ್ಲ ಎಂಬುದು ನಮ್ಮ ಅಂಗಡಿಯ ಬೆಕ್ಕಿಗೂ ಗೊತ್ತು. ಗೊತ್ತಿರುವುದು ಬೇರೆ, ತೋರಿಸುವುದು ಬೇರೆ ಎಂದರು. ಏಳರಿಂದ ಭಾಗಿಸಿದಾಗ ಶೇಷ ಒಂದೇ ಒಂದು ಉಳಿದಿತ್ತು. ಸ್ವಲ್ಪದರಲ್ಲಿ ಪಾರಾದೆವು ಎಂದು ಅವರು ಹಣೆ ಒರೆಸಿಕೊಂಡರು.

ಒಂದು ವಾರ ಆಗುವಷ್ಟರಲ್ಲಿ ಇಡೀ ಕಚೇರಿಯ ಆವರಣಕ್ಕೆ ವಿಷಯ ಗೊತ್ತಾಯಿತು. ಹೊಲದ ಪಹಣಿ ಉತಾರ ಝೆರಾಕ್ಸ್ ಮಾಡಿಸಲು ಬಂದ ರೈತರು ಮೊದಲು ಸ್ಕೋರು ಕೇಳುತ್ತಿದ್ದರು: “ಎಷ್ಟಕ್ಕ ಬಂತ್ರಿ ಮಾಸ್ತರ? ಇನ್ನೂ ಒಡದಿಲ್ಲಲ್ಲ?” ಕಿತ್ತೂರಿನ ಕಡೆಯ ಒಬ್ಬ ಗೌಡರು, ಬೇರೆ ಊರಿನವರಿಗೆ ಯಾಕೆ ಈ ಸಂಕಟ ಗೊತ್ತಿಲ್ಲ, ಇನ್ನೂರು ದಾಟಿದ ದಿನ ಎಲ್ಲರಿಗೂ ಚಹಾ ಹೇಳಿದರು. ನಾನು ಚಹಾ ಕುಡಿದೆ. ರಾತ್ರಿ ಹಾಸಿಗೆಯಲ್ಲಿ ಮಲಗಿ ಉಳಿದ ದಿನಗಳನ್ನು ಎಣಿಸುವುದೇ ನನ್ನ ಕೆಲಸವಾಗಿತ್ತು. ಎಷ್ಟು ದಣಿದಿದ್ದೆ ಎಂದರೆ, ಝೆರಾಕ್ಸ್ ಮಷೀನಿನಲ್ಲಿ ಗಿರಾಕಿಯ ಕಾಗದ ಇಡುವ ಬದಲು ಅವನು ಕೊಟ್ಟ ಹತ್ತರ ನೋಟನ್ನೇ ಇಟ್ಟು ಎರಡು ಪ್ರತಿ ತೆಗೆದಿದ್ದೆ. ಕಚೇರಿಯ ಎದುರಿಗೇ!

ಇತ್ತ ಕಾಕೂ ಸುಧಾರಿಸುತ್ತಿದ್ದರು. ಅದೇ ನನ್ನ ಸಂಕಟ. ಸಂಜೆ ಕಾಕಾ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಅಂದಿನ ಆರನ್ನು ಓದಿ ಹೇಳುತ್ತಿದ್ದರು. ಇಂಥದರಿಂದ ಒಡೆಯಲಿಲ್ಲ, ಶೇಷ ಇಷ್ಟು. ಪ್ರತಿಯೊಂದಕ್ಕೂ ಕಾಕೂ ಕಥೆ ಕೇಳುವವರಂತೆ ಹೂಂಗುಟ್ಟುತ್ತಿದ್ದರು. ಅರ್ಧ ಭಕ್ಕರಿ ಒಂದಾಯಿತು, ಒಂದು ಒಂದೂವರೆಯಾಯಿತು. ಒಂದು ದಿನ ನಾನು ಹೋದಾಗ ಟ್ರಂಕಿನ ಕಡೆಗೇ ಮುಖ ಮಾಡಿ ಕೂತು, ಉದ್ಯಾಪನೆಗೆ ಯಾರು ಯಾರನ್ನು ಕರೆಯಬೇಕು ಎಂದು ನನ್ನ ಹೆಂಡತಿಗೆ ಹೇಳಿ ಪಟ್ಟಿ ಬರೆಸುತ್ತಿದ್ದರು.

ನಾನು ಕೊನೆಯ ಪ್ರಯತ್ನ ಮಾಡಿದೆ. ಮೂವತ್ತನಾಲ್ಕು ವರ್ಷದ ಲೆಕ್ಕದಲ್ಲಿ ಎಲ್ಲೋ ಒಂದು ನಾಮ ಹೆಚ್ಚು ಕಡಿಮೆ ಆಗಿರಬಹುದಲ್ಲವೇ? ಆಗಿದ್ದರೆ ಸಂಖ್ಯೆ ಬದಲಾಗುತ್ತದೆ, ಬದಲಾದರೆ ಪಾರಾಗುವ ದಾರಿಯಾದರೂ ಉಂಟು. ಟ್ರಂಕಿನಿಂದ ಕೈಗೆ ಸಿಕ್ಕ ಒಂದು ವಹಿ ತೆಗೆದು, ಎರಡು ಭಾನುವಾರ ಕೂತು ಒಂದೊಂದೇ ಎಣಿಸಿದೆ. ಒಂದು ಪುಟದಲ್ಲಿ ಹುಳಿಯ ಕಲೆ ಇತ್ತು, ಇನ್ನೊಂದರಲ್ಲಿ ಯಾವುದೋ ಮಗುವಿನ ಗೀಚು. ಬಹುಶಃ ನನ್ನ ಮಗಳದೇ. ಲೆಕ್ಕ ಮಾತ್ರ ಒಂದೂ ತಪ್ಪಿರಲಿಲ್ಲ. ಮಾಸ್ತರರ ಹೆಂಡತಿ ಎಂದು ಕಾಕಾ ಹೆಮ್ಮೆಯಿಂದ ಮೀಸೆ ತಿರುವಿದರು. ನನಗೆ ಅಳು ಬರುವುದೊಂದು ಬಾಕಿ.

ಅರವತ್ತಮೂರನೆಯ ದಿನ ಬಂತು. ಹನ್ನೊಂದು ಹೊಡೆಯಿತು, ಕಾಕಾ ಬರಲಿಲ್ಲ. ಹನ್ನೆರಡಾಯಿತು. ಗೊತ್ತಾಗಿರಬೇಕು ಎಂದುಕೊಂಡೆ. ಮನೆಗೆ ಓಡಲೇ, ಕಾಕೂಗೆ ಏನು ಹೇಳುವುದು ಎಂದು ಕೈಕಾಲು ಆಡದೆ ಕೂತಿದ್ದಾಗ, ಹನ್ನೆರಡೂವರೆಗೆ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದರು. ವಹಿಯನ್ನು ನನ್ನ ಮುಂದೆ ಇಟ್ಟರು. ದಿನಾ ಕೂಡುವ ಸ್ಟೂಲಿನ ಮೇಲೆ ಕೂಡಲಿಲ್ಲ. ಬಾಗಿಲಲ್ಲಿ ನಿಂತು ರಸ್ತೆಯ ಕಡೆ ನೋಡತೊಡಗಿದರು.

ಆರು ಭಾಗಾಕಾರ. ಮೊದಲನೆಯ ಐದನ್ನು ನೋಡಿದೆ, ಎಲ್ಲ ಸರಿ. ಐದನೆಯದು 2591, ಶೇಷ ಮೂವತ್ತಾರು. ಆರನೆಯದಕ್ಕೆ ಬಂದೆ. 2593. ಅದರ ಕೆಳಗೆ, ಅವರ ಮುತ್ತಿನಂಥ ಅಂಕಿಯಲ್ಲಿ, ‘ಶೇಷ 1’ ಎಂದಿತ್ತು.

ನಾನು ಮತ್ತೆ ಮೇಲಿನಿಂದ ನೋಡುತ್ತಾ ಬಂದೆ. ಎರಡು ಸಲ ಹೋಗುತ್ತದೆ, ಸರಿ. ಆರು ಸಲ, ಸರಿ. ಸೊನ್ನೆ, ಸರಿ. ಕೊನೆಗೆ ಉಳಿದದ್ದು 23337. ಅದರಲ್ಲಿ 2593 ಒಂಬತ್ತು ಸಲ. ಒಂಬತ್ತರಿಂದ ಗುಣಿಸಿದರೆ ಬರುವುದೂ 23337, ಕಳೆದರೆ ಸೊನ್ನೆ. ಆದರೆ ಕಾಕಾ ಗುಣಿಸಿ ಬರೆದದ್ದು 23336. ಕೊನೆಯ ಅಂಕಿ ಏಳಾಗುವ ಕಡೆ ಆರು. ಆ ಜಾಗದಲ್ಲಿ ಕಾಗದ ತೆಳ್ಳಗಾಗಿತ್ತು. ರಬ್ಬರಿನಿಂದ ಉಜ್ಜಿ ಉಜ್ಜಿ ಆಚೆಯ ಬೆಳಕು ಕಾಣುವಷ್ಟು.

ಮೂವತ್ತೆಂಟು ವರ್ಷ ಮಕ್ಕಳಿಗೆ ಮಗ್ಗಿ ಕಲಿಸಿದ ಮನುಷ್ಯ. ಬೆಳಗಿನಿಂದ ಹನ್ನೆರಡೂವರೆಯವರೆಗೆ ಆ ಒಂದು ಅಂಕಿಯ ಮುಂದೆ ಒಬ್ಬರೇ ಕೂತಿದ್ದರು. ಎರಡು ತಿಂಗಳಿಂದ ಅವರನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದಕ್ಕೆ ನಾಚಿಕೆಯಾಯಿತು.

ಅವರು ತಿರುಗದೆಯೇ ಕೇಳಿದರು. “ತಾಳೆ ಆತೇನೋ?”

ನಾನು ಪೆನ್ನಿನ ಟೋಪಿ ತೆಗೆದೆ. ‘ತಾಳೆ ನೋಡಿದೆ’ ಎಂದು ಬರೆದು ಸಹಿ ಹಾಕಿದೆ.

“ಆತು, ಕಾಕಾ,” ಎಂದೆ. “ಒಂಬತ್ತ ಮೂರ್ಲೆ ಇಪ್ಪತ್ತಾರು. ಬರೋಬರಿ ಅದ.”